ಗುರವ್ವ ಎಂಬ ಹುದ್ದೆಯ ಕುರಿತು ಇಂಗ್ಲಿಷಿನ ದೊಡ್ಡಕ್ಷರದವರಲ್ಲಿ ಅರಿಕೆ

ಇಂಗ್ಲಿಷ್ ಭಾಷೆಯ ದೊಡ್ಡಕ್ಷರದವರ ಸನ್ನಿಧಿಗೆ,
ಪ್ರತಿ ವಾಕ್ಯದ ಹೆಬ್ಬಾಗಿಲಲ್ಲಿ.

ಮಾನ್ಯರೇ,

ಬೈಲಹೊಂಗಲದ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಿಂದ ತಮಗೆ ತಲೆಬಾಗಿ ನಮಸ್ಕಾರಗಳು. ತಾವು ಎಂದಿನಂತೆ ನೆಟ್ಟಗೆ, ಎತ್ತರವಾಗಿ, ಅಕ್ಕಪಕ್ಕದವರ ಭುಜದ ಮೇಲಿನಿಂದ ಜಗತ್ತನ್ನು ನೋಡುತ್ತ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇತ್ತ ನಾವೂ ಕ್ಷೇಮ. ಈ ಪತ್ರವನ್ನು ತಮ್ಮ ಭಾಷೆಯಲ್ಲಿಯೇ ಬರೆಯುವುದು ಮರ್ಯಾದೆಯಾಗಿತ್ತು. ಆದರೆ ತಮ್ಮನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಿಲ್ಲಿಸಬಾರದು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಈಚೆಗೆ ಆದ ರಾದ್ಧಾಂತದ ನಂತರ ತಮ್ಮನ್ನು ಒಂದು ಸಾಲಿಗೂ ಕರೆಯುವ ಧೈರ್ಯ ಉಳಿದಿಲ್ಲವಾದ್ದರಿಂದ, ತಮ್ಮ ಅಗತ್ಯವೇ ಬೀಳದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕ್ಷಮೆಯಿರಲಿ.

ನಮ್ಮ ಅಕ್ಷರಗಳ ಬಡತನ ತಮಗೆ ತಿಳಿದದ್ದೇ. ಕೆಲವಕ್ಕೆ ತಲೆಕಟ್ಟಿದೆ, ಕೆಲವಕ್ಕೆ ಕೊಂಬು, ಇನ್ನು ಕೆಲವು ಮತ್ತೊಂದರ ಕಾಲಡಿಯಲ್ಲಿ ಒತ್ತಾಗಿ ಮುದುರಿಕೊಂಡು ಕುಳಿತಿರುತ್ತವೆ. ಆದರೆ ತಹಸೀಲ್ದಾರರು ಬಂದರೂ ಎಮ್ಮೆ ಬಂದರೂ ಒಂದೂ ಎದ್ದು ನಿಲ್ಲುವುದಿಲ್ಲ. ಕಾಲೇಜಿನಲ್ಲಿ ಕನ್ನಡ ಕಲಿಸುವ ನಾನು ರೂಢನಾಮ, ಅಂಕಿತನಾಮ ಎಂದು ಹಲಗೆಯ ಮೇಲೆ ಎರಡು ಸಾಲು ಬರೆದು, ಊರು, ನದಿ, ಹೆಂಗಸು ಎನ್ನುವವು ರೂಢನಾಮಗಳು, ಸವದತ್ತಿ, ಮಲಪ್ರಭೆ, ಗುರವ್ವ ಎನ್ನುವವು ಅಂಕಿತನಾಮಗಳು ಎಂದು ಹೇಳಿ ಹಲಗೆ ಒರೆಸುತ್ತ ಬಂದವನು. ಒರೆಸುವಾಗ ಎರಡೂ ಸಾಲು ಒಂದೇ ತರಹ ಹೋಗುತ್ತವೆ. ತಮ್ಮಲ್ಲಿ ಹಾಗಲ್ಲ ಎಂಬುದೇ ತಮ್ಮ ದೊಡ್ಡಸ್ತಿಕೆ.

ತಮ್ಮ ನ್ಯಾಯದ ಸೂಕ್ಷ್ಮವನ್ನು ನಾನು ಮೆಚ್ಚುತ್ತ ಬಂದಿದ್ದೇನೆ. ನದಿ ಒಬ್ಬಳೇ ಬಂದರೆ ತಾವು ಏಳುವುದಿಲ್ಲ. ಮಲಪ್ರಭೆಯ ಸೆರಗು ಹಿಡಿದು ಬಂದರೆ ಅವಳಿಗೂ ಏಳುತ್ತೀರಿ. ಕೋಟೆ ಎಂದರೆ ಬರೀ ಕಲ್ಲು, ಕಿತ್ತೂರಿನ ಹೆಸರನ್ನು ಮುಂದಿಟ್ಟುಕೊಂಡು ಬಂದರೆ ಆ ಕಲ್ಲಿಗೂ ಗೌರವ. ಸೋಮವಾರಕ್ಕೆ, ಅದು ಯಾವ ಪುರುಷಾರ್ಥ ಮಾಡಿತೋ ತಿಳಿಯದು, ವಾರ ತಪ್ಪದೆ ಎದ್ದು ನಿಲ್ಲುತ್ತೀರಿ. ಜುಲೈಗೆ ಏಳುತ್ತೀರಿ, ಜುಲೈಯಲ್ಲಿ ಸುರಿಯುವ ಮಳೆಗಾಲಕ್ಕೆ ಏಳುವುದಿಲ್ಲ. ಮಕ್ಕಳು 'ಅವ್ವಾ' ಎಂದು ಹೆಸರಿನ ಬದಲು ಕರೆದರೆ ತಾಯಿಗೆ ತಾವು ದೊರೆಯುತ್ತೀರಿ. 'ನನ್ನ ಅವ್ವ' ಎಂದರೆ, ನನ್ನವಳಾದ ತಪ್ಪಿಗೆ, ಅವಳು ಸಣ್ಣಕ್ಷರಕ್ಕೆ ಇಳಿಯುತ್ತಾಳೆ. ಇನ್ನು 'ನಾನು' ಎಂಬ ಮಾತಿಗೆ ಮಾತ್ರ ವಾಕ್ಯದ ಯಾವ ಮೂಲೆಯಲ್ಲಿದ್ದರೂ ತಾವು ಹಾಜರು. ಇಷ್ಟು ನಿಷ್ಪಕ್ಷಪಾತವಾದ ಏರ್ಪಾಡು ಇನ್ನೊಂದು ಭಾಷೆಯಲ್ಲಿ ಇದ್ದೀತೆಂದು ನನಗನ್ನಿಸುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಅಣ್ಣ ಲಗಮಪ್ಪ ಹತ್ತಿ ವ್ಯಾಪಾರಿ. ಅವನ ಮಗ ಸುಭಾಸನಿಗೆ ಮುನವಳ್ಳಿಯ ರಂಜನಾ ಎಂಬ ಹುಡುಗಿ ಗೊತ್ತಾದಳು. ಹುಡುಗಿ ನಮ್ಮೂರಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾಳೆ, ದಿನವೂ ಮುನವಳ್ಳಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಸೊಸೆ ಇಂಗ್ಲಿಷಿನವಳಾದ್ದರಿಂದ ಮದುವೆಯ ಕಾರ್ಡಿನ ಒಂದು ಮಗ್ಗುಲು ಇಂಗ್ಲಿಷಿನಲ್ಲಿರಲೇಬೇಕೆಂದು ಅಣ್ಣ ತೀರ್ಮಾನಿಸಿ, ನನ್ನನ್ನೂ ಎಬ್ಬಿಸಿಕೊಂಡು ಬಜಾರದ ಹಜರತಸಾಬನ ಪ್ರೆಸ್ಸಿಗೆ ಹೋದ.

ಇಲ್ಲಿ ತಮ್ಮ ಬಗ್ಗೆ ನಮ್ಮ ಸೀಮೆಯಲ್ಲಿರುವ ಒಂದು ತಿಳಿವಳಿಕೆಯನ್ನು ತಮ್ಮ ಗಮನಕ್ಕೆ ತರಬೇಕು. ನಾವು ಮಾತಿನ ಕೊನೆಗೆ 'ರಿ' ಹಚ್ಚಿ ಮನುಷ್ಯರಿಗೆ ಮರ್ಯಾದೆ ಕೊಡುವವರು. ಬರ್ರಿ, ಕುಂದರ್ರಿ, ಚಾ ಕುಡೀರಿ. ಇಂಗ್ಲಿಷಿನವರು ಆ ಮರ್ಯಾದೆಯನ್ನು ಕೊನೆಗೆ ಹಚ್ಚುವ ಬದಲು ಮೊದಲಿಗೇ ಹಚ್ಚುತ್ತಾರೆ, ಅದೇ ದೊಡ್ಡಕ್ಷರ ಎಂದು ನನ್ನ ಅಣ್ಣ ಬಹುಕಾಲದಿಂದ ನಂಬಿದ್ದಾನೆ. ಮನೆಯ ವಾಟ್ಸಾಪಿನಲ್ಲಿ ಅವನು ಹಿರಿಯರಿಗೆ ಬರೆಯುವುದು ಪೂರ್ತಿ ದೊಡ್ಡಕ್ಷರಗಳಲ್ಲಿ. ಹೀಗಾಗಿ ಕಾರ್ಡಿನಲ್ಲಿ ಅವನು ತಮ್ಮನ್ನು ಧಾರಾಳವಾಗಿ ಹಂಚಿದ. ಕಾಟನ್ ಮರ್ಚಂಟ್‌ಗೆ ಹಾಕಿಸಿದ, ಬೀಗರಿಗೆ, ಸೋದರಮಾವಂದಿರಿಗೆ ಹಾಕಿಸಿದ, ಬಸ್‌ಸ್ಟ್ಯಾಂಡಿಗೂ ಊಟಕ್ಕೂ ಹಾಕಿಸಿದ. ಊಟಕ್ಕೆ ಯಾಕೆ ಎಂದು ನಾನು ಕೇಳಿದಾಗ, “ಊಟಕ್ಕ ಮರ್ಯಾದಿ ಕೊಡದ ಮದುವಿ ಅದೇನ್ ಮದುವ್ಯೋ ಸಂಗಪ್ಪಾ” ಎಂದ.

ಹಜರತಸಾಬ ಕಂಪ್ಯೂಟರಿನ ಮುಂದಿನಿಂದ ಏಳದೆ, “ಹಾಕೂನ್ರಿ ಅಣ್ಣಾರ, ನಮ್ಮಪ್ಪಂದೇನ್ ಹೋಕ್ಕೈತಿ. ಆದ್ರ ಎಲ್ಲಾರೂ ಎದ್ದು ನಿಂತ್ರ ಅಂದ್ರ, ಯಾರಿಗೆ ಎದ್ದಾರ ಅನ್ನೂದು ತಿಳಿಯೂದಿಲ್ಲ ನೋಡ್ರಿ” ಎಂದ. ಅಣ್ಣ ಆ ಮಾತನ್ನು ಹೊಗಳಿಕೆಯೆಂದು ತೆಗೆದುಕೊಂಡು ಚಹಾ ಹೇಳಿದ.

ಶಾಲೆ ಬಿಟ್ಟ ಮೇಲೆ ಪ್ರೂಫ್ ನೋಡಲು ಸುಭಾಸ ರಂಜನಾಳನ್ನು ಪ್ರೆಸ್ಸಿಗೇ ಕರೆತಂದ. ಅವಳು ಕಾಗದವನ್ನು ಒಮ್ಮೆ ಓದಿ, ಚೀಲದಿಂದ ಕೆಂಪು ಪೆನ್ನು ತೆಗೆದಳು. ತಾವು ಒಬ್ಬೊಬ್ಬರಾಗಿ ಬೀಳತೊಡಗಿದಿರಿ. ಊಟ ಬಿತ್ತು, ಬಸ್‌ಸ್ಟ್ಯಾಂಡ್ ಬಿತ್ತು, ಸೋದರಮಾವಂದಿರು ಸಾಲಾಗಿ ಬಿದ್ದರು. ಪೆನ್ನು ಕಾಟನ್ ಮರ್ಚಂಟಿನ ಮೇಲೆ ಬಂದಾಗ ಅಣ್ಣ ಚಹಾದ ಕಪ್ಪು ಕೆಳಗಿಟ್ಟ.

“ನಾ ಸಣ್ಣ ವ್ಯಾಪಾರಿ ಅಲ್ಲವಾ ತಂಗೀ.”

“ಅಲ್ರಿ ಮಾವಾರ, ಹತ್ತಿ ವ್ಯಾಪಾರಿ ಅಂದ್ರ ಊರಾಗ ಭಾಳ ಮಂದಿ ಅದಾರ. ಲಗಮಪ್ಪ ಅಂದ್ರ ನೀವು ಒಬ್ಬರ. ಅದಕ್ಕ ವ್ಯಾಪಾರಕ್ಕ ಸಣ್ಣದು, ಹೆಸರಿಗೆ ದೊಡ್ಡದು. ಎಲ್ಲಾರಿಗೂ ಸಲ್ಲೂದಕ್ಕ ಸಣ್ಣದ್ರಿ, ಒಬ್ಬರಿಗಷ್ಟ ಸಲ್ಲೂದಕ್ಕ ದೊಡ್ಡದು.”

ಮಾನ್ಯರೇ, ತಮ್ಮ ಶಾಸ್ತ್ರವನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅಣ್ಣನಿಗೂ ಹಿಡಿಸಿತು. ತಾನು ಒಬ್ಬನೇ ಎಂಬುದು ಅವನಿಗೆ ಮೊದಲಿನಿಂದ ಗೊತ್ತಿದ್ದ ಸಂಗತಿ. ಆ ಸಂತೋಷದಲ್ಲಿ ಅವನು, “ಹಂಗಾರ ನಿನ್ನ ಹೆಸರಿಂದು ಭಾಳ ತಿದ್ದಬ್ಯಾಡವಾ, ಅದು ಕಾರ್ಡಿನ ಮಟ್ಟಿಗಷ್ಟ. ಮನಿಗೆ ಬಂದಮ್ಯಾಲೆ ನೀ ಗುರವ್ವ” ಎಂದ.

ಕೆಂಪು ಪೆನ್ನು ನಿಂತಿತು.

“ಗುರವ್ವ ಅಂದ್ರ ಅತ್ತಿಯಾರ ಹೆಸರಲ್ರಿ?”

“ಹೌದ. ನಮ್ಮವ್ವನ ಹೆಸರೂ ಅದ ಇತ್ತು. ನಮ್ಮ ಮನಿ ಹಿರೇ ಸೊಸಿ ಅಂದ್ರ ಗುರವ್ವ.”

“ಮತ್ತ ಒಂದ ಮನ್ಯಾಗ ಇಬ್ಬರು?”

“ದೊಡ್ಡ ಗುರವ್ವ, ಸಣ್ಣ ಗುರವ್ವ ಅಂದ್ರಾತು. ಅದರಾಗೇನೈತಿ.”

ಇದನ್ನು ತಮಗೆ ವಿವರಿಸಬೇಕು. ಮದುವೆಯಾಗಿ ಬಂದ ಹೆಣ್ಣಿಗೆ ಗಂಡನ ಮನೆಯಲ್ಲಿ ಹೊಸ ಹೆಸರಿಡುವ ಪದ್ಧತಿ ನಮ್ಮ ಕಡೆ ಅನೇಕ ಮನೆಗಳಲ್ಲಿದೆ. ತಾಟಿನಲ್ಲಿ ಅಕ್ಕಿ ಹರವಿ, ಮದುಮಗನಿಂದ ಉಂಗುರದ ತುದಿಯಲ್ಲಿ ಆ ಹೆಸರು ಬರೆಸುತ್ತಾರೆ; ಬರೆದ ಗಳಿಗೆಯಿಂದ ಹುಡುಗಿ ಅವಳೇ. ಬೇರೆ ಮನೆಗಳಲ್ಲಿ ಇರುವುದರಲ್ಲಿ ಚೆಂದದ ಹೆಸರೊಂದನ್ನು ಹುಡುಕುತ್ತಾರೆ. ನಮ್ಮಲ್ಲಿ ಹುಡುಕುವ ಕಷ್ಟವಿಲ್ಲ. ನಮ್ಮಜ್ಜಿ ಗುರವ್ವ, ನಮ್ಮವ್ವ ಗುರವ್ವ, ನನ್ನ ವೈನಿ, ಎಂದರೆ ಅಣ್ಣನ ಹೆಂಡತಿ, ಗುರವ್ವ. ನಾನು ಕಿರಿಯವನಾದ್ದರಿಂದ ನನ್ನ ಹೆಂಡತಿಗೆ ಆ ಬಡ್ತಿ ಸಿಗಲಿಲ್ಲ. ಶಾಲೆಯ ಗಂಟೆ ಹೊಡೆಯುವವ ಬದಲಾದರೂ ಗಂಟೆ ಬದಲಾಗದ ಹಾಗೆ, ನಮ್ಮ ಅಡುಗೆಮನೆಯಲ್ಲಿ ಗುರವ್ವ ಇದ್ದೇ ಇದ್ದಾಳೆ. ಹಿತ್ತಲಿನಿಂದ ಯಾರು ಯಾವ ಕಾಲದಲ್ಲಿ “ಗುರವ್ವಾ” ಎಂದು ಕೂಗಿದರೂ “ಬಂದೆ” ಎಂಬ ಉತ್ತರ ಬರುತ್ತದೆ.

ಇದು ರೂಢನಾಮವೋ ಅಂಕಿತನಾಮವೋ ಎಂಬುದು ಇಷ್ಟು ವರ್ಷ ಹಲಗೆ ಒರೆಸಿದ ನನಗೂ ಆ ಸಂಜೆಯವರೆಗೆ ಹೊಳೆದಿರಲಿಲ್ಲ. ಮೇಲುನೋಟಕ್ಕೆ ಹೆಸರೇ. ಆದರೆ ತಹಸೀಲ್ದಾರ್ ಎಂಬುದು ಕುರ್ಚಿಯ ಮೇಲಿರುವ ಯಾರಿಗೂ ಸಲ್ಲುವಂತೆ ಇದು ಒಲೆಯ ಮುಂದಿರುವ ಯಾರಿಗೂ ಸಲ್ಲುತ್ತದೆ.

ಸುಭಾಸ ಒಳ್ಳೆಯ ಹುಡುಗ. ಜಗಳವಾಗುವ ಜಾಗದಲ್ಲಿ ಚಾಪೆ ಹಾಸುವ ಸ್ವಭಾವ. ಅವನು ರಂಜನಾಳ ಕಡೆಗೆ ವಾಲಿ, “ಆಧಾರ್ ಕಾರ್ಡಿನ್ಯಾಗ ರಂಜನಾನ ಇರಲಿ, ಮನ್ಯಾಗಷ್ಟ ಗುರವ್ವ” ಎಂದ.

“ಮನ್ಯಾಗ ಇರಾಕಿ ನಾನೋ ಆಧಾರ್ ಕಾರ್ಡೋ?”

ಹಜರತಸಾಬ ಕಂಪ್ಯೂಟರಿನ ಪರದೆಯಲ್ಲಿ ಏನೋ ತುರ್ತಾದದ್ದನ್ನು ಹುಡುಕತೊಡಗಿದ. ರಂಜನಾ ಪೆನ್ನಿಗೆ ಟೊಪ್ಪಿಗೆ ಹಾಕಿ, ದನಿ ಏರಿಸದೆ ಅಣ್ಣನಿಗೆ ಹೇಳಿದಳು: “ಮಾವಾರ, ಸಿಟ್ಟಾಗಬ್ಯಾಡ್ರಿ. ಮದುವಿ ಆಗತೇನಿ, ರೊಟ್ಟಿ ಬಡಿತೇನಿ, ಸಾಲಿಗೂ ಹೋಗತೇನಿ. ಗುರವ್ವ ಮಾತ್ರ ಆಗೂದಿಲ್ರಿ. ತಾಟಿನ್ಯಾಗ ಆ ಹೆಸರು ಬರದ್ರ ನಾ ಹಂಗ ಎದ್ದು ಹೋಗತೇನಿ. ಮುನವಳ್ಳಿ ಬಸ್ ನನಗ ಗೊತ್ತೈತಿ.”

ಅಣ್ಣ ನಕ್ಕ. ಬಿ.ಎಡ್. ಮಾಡಿದವರು ಹೀಗೆಯೇ ಚೇಷ್ಟೆ ಮಾಡುತ್ತಾರೆಂದು ದಾರಿಯುದ್ದಕ್ಕೂ ನನಗೆ ಹೇಳಿದ. ನನಗೆ ಚೇಷ್ಟೆ ಎನ್ನಿಸಲಿಲ್ಲ. ಮನೆಗೆ ಬಂದವನು ಪಡಸಾಲೆಯಲ್ಲಿ ಶೇಂಗಾ ಆರಿಸುತ್ತ ಕುಳಿತಿದ್ದ ವೈನಿಗೆ ನಡೆದದ್ದನ್ನೆಲ್ಲ ಹೇಳಿದೆ. ಸೊಸೆಯ ಹಟ, ಬಸ್ಸಿನ ಬೆದರಿಕೆ, ಎಲ್ಲವನ್ನೂ. ವೈನಿ ಒಂದು ಹುಳುಕು ಕಾಳನ್ನು ಬೇರೆ ಹಾಕಿ, “ಬಸ್ ಎಷ್ಟ ಗಂಟೆಗೈತಿ ಅಂದ್ಳು?” ಎಂದು ಕೇಳಿದರು.

“ಕೇಳಲಿಲ್ಲ ವೈನಿ.”

“ಕೇಳಬೇಕಿತ್ತು” ಎಂದು ಮತ್ತೆ ಮೊರದತ್ತ ಬಾಗಿದರು.

ಮಾನ್ಯರೇ, ಆ ದಿನಗಳಲ್ಲಿ ನಾನು ತಮ್ಮನ್ನು ಮನಸ್ಸಿನಲ್ಲಿ ಎಷ್ಟು ಪ್ರಾರ್ಥಿಸಿದೆನೆಂಬುದಕ್ಕೆ ಸಾಕ್ಷಿಯಿಲ್ಲ. ಧಾರವಾಡದ ಬಸ್ಸಿಗೆ ತಾವು ಬಂದಿಳಿಯಬಹುದೆಂದು, ಬಸ್‌ಸ್ಟ್ಯಾಂಡಿನಿಂದ ತಮ್ಮನ್ನು ಆಟೋದಲ್ಲಿ ಕರೆತಂದು, ತಮ್ಮ ಎತ್ತರಕ್ಕೆ ನಮ್ಮ ಬಾಗಿಲು ಗಿಡ್ಡವಾದ್ದರಿಂದ ಅಂಗಳದಲ್ಲಿಯೇ ಕುರ್ಚಿ ಹಾಕಿಸಿ, ಗುರವ್ವನ ಮೊದಲಕ್ಷರವಾಗಿ ನಿಲ್ಲುವಿರೋ ಇಲ್ಲವೋ ಎಂದು ಎಲ್ಲರೆದುರು ಕೇಳಬಹುದೆಂದು ಎಣಿಸಿದ್ದೆ. ತಾವು ನಿಂತರೆ ಅದು ಒಬ್ಬಳ ಹೆಸರು, ಇನ್ನೊಬ್ಬಳಿಗೆ ಹಾಕಲಾಗದು. ನಿಲ್ಲದಿದ್ದರೆ ಅದು ಹೆಸರೇ ಅಲ್ಲ, ಯಾರಿಗೂ ಹಾಕಲಾಗದು. ಎರಡೂ ದಾರಿಯಲ್ಲಿ ಹುಡುಗಿ ಗೆಲ್ಲುತ್ತಿದ್ದಳು. ತಾವು ಬರಲಿಲ್ಲ. ಸೋಮವಾರದ ಕೆಲಸವಿದ್ದಿರಬೇಕು.

ಮದುವೆಯಾಯಿತು. ಊಟ ಸಣ್ಣಕ್ಷರದಲ್ಲಿದ್ದರೂ ಯಾರೂ ಕಡಿಮೆ ಉಣ್ಣಲಿಲ್ಲ. ಸಂಜೆ ಮದುಮಕ್ಕಳು ಮನೆಗೆ ಬಂದಾಗ ನಮ್ಮಕ್ಕ ಬಾಯವ್ವ, ಸುಭಾಸನ ಸೋದರತ್ತೆ, ಹೊಸ್ತಿಲಿಗೆ ಅಡ್ಡ ಕೈಯಿಟ್ಟು ನಿಂತಳು. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳದ ಹೆಂಗಸರು ನಮ್ಮಲ್ಲಿ ಆ ಒಂದು ಹೊತ್ತಿನಲ್ಲಿ ಅದನ್ನು ಒಡಪು ಕಟ್ಟಿ ಹೇಳಬೇಕು. ಹೇಳಿದರಷ್ಟೇ ಒಳಗೆ ದಾರಿ. ಪ್ರಾಸವಿಲ್ಲದೆ ಹೆಸರನ್ನಷ್ಟೇ ಒದರಿದರೆ ನಡೆಯದು. ತಮ್ಮಂಥವರು ಇಲ್ಲದ ನಾಡಿನಲ್ಲಿ ಹೆಸರನ್ನು ಎಬ್ಬಿಸಿ ನಿಲ್ಲಿಸಲು ಹೆಂಗಸರು ಮಾಡಿಕೊಂಡ ವ್ಯವಸ್ಥೆ ಅದು.

“ಹೆಸರು ಹೇಳಿ ಒಳಗ ಬಾ. ಇಂಗ್ಲಿಷಿನ್ಯಾಗ ನಡಿಯೂದಿಲ್ಲ ಮತ್ತ” ಎಂದಳು ಬಾಯವ್ವ.

ರಂಜನಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು:

“ಹತ್ತಿ ಒಡೆದ ಹೊಲದಾಗ ಹಗಲಿಗಿಂತ ಬೆಳಕ,
ಸುಭಾಸರ ಹೆಸರ ಹೇಳತೇನಿ ಅವರು ನನ್ನ ಹೆಸರ ಹೇಳಿದ ಬಳಿಕ.”

ಹೆಂಗಸರ ಗುಂಪಿನಲ್ಲಿ ನಗೆ ಎದ್ದಿತು. “ಹೇಳತೇನಿ ಅಂತ ಹೇಳೇ ಬಿಟ್ಟಳಲ್ಲ ನಮ್ಮವ್ವ” ಎಂದು ಬಾಯವ್ವ ಕೈ ತೆಗೆದವಳು, ಸುಭಾಸನ ಕಡೆ ತಿರುಗಿ ಮತ್ತೆ ಕೈ ಅಡ್ಡ ಇಟ್ಟಳು. “ನೀ ಹೇಳಪಾ ಈಗ. ಸಾಲ ಇಟಗೊಂಡು ಒಳಗ ಬರಬ್ಯಾಡ.” ಅವನಿಗೆ ಪ್ರಾಸ ಬರುವುದಿಲ್ಲ. ಕಿವಿ ಕೆಂಪಾಗಿ, “ರಂಜನಾ” ಎಂದಷ್ಟೇ ಅಂದ. ಅಷ್ಟಕ್ಕೇ ಬಿಟ್ಟರು.

ಒಳಗೆ ತಾಟು ಸಿದ್ಧವಾಗಿತ್ತು. ಮನೆಯ ಹಿರಿಯ ಸೊಸೆಯೆಂದು ವೈನಿ ತಾಟಿನ ಪಕ್ಕದಲ್ಲಿ ಕುಳಿತು ಅಂಗೈಯಿಂದ ಅಕ್ಕಿಯನ್ನು ಸಮಮಾಡಿದರು. ರಂಜನಾ ಎದುರಿಗೆ ಕುಳಿತಳು, ಪೂರ್ತಿ ಕುಳಿತಳೆಂದು ಹೇಳಲಾರೆ, ಒಂದು ಮೊಣಕಾಲು ನೆಲಕ್ಕೆ ತಾಗಿರಲಿಲ್ಲ. ನಾನು ಅವಳ ಕಾಲನ್ನೇ ನೋಡುತ್ತಿದ್ದೆ. ಅಣ್ಣ ಹಿಂದೆ ನಿಂತು, “ಬರಿಯಪಾ, ಗುರವ್ವ ಅಂತ ಬರಿ” ಎಂದ. ಸುಭಾಸನ ಕೈ ಅಕ್ಕಿಯ ಮೇಲೆ ಬಂದು ಅಲ್ಲಿಯೇ ನಿಂತಿತು. ಎದುರಿನ ಮೊಣಕಾಲು ಇನ್ನಷ್ಟು ಎದ್ದಿತು.

ವೈನಿ ಮಗನ ಕೈಯಿಂದ ಉಂಗುರ ತೆಗೆದುಕೊಂಡರು. ಬರೆದು ಬಹಳ ಕಾಲವಾದವರ ಹಾಗೆ, ಅಕ್ಕಿಯ ಮೇಲೆ ನಿಧಾನವಾಗಿ ಎರಡಕ್ಷರ ಬರೆದರು. ನೀಲಾ.

ಅಣ್ಣ ಬಾಗಿ ಓದಿದ. “ನೀಲಾ? ಯಾರ್ ನೀಲಾ? ಬೀಗರ ಪೈಕಿ ಅದಾರೇನ ಯಾರರ?”

“ನಾನ್ರಿ” ಎಂದರು ವೈನಿ. “ತೊರಗಲ್ಲ ತವರಿಂದ ಬರೂ ಮುಂದ ಈ ಹೆಸರ ತಂದಿದ್ದೆ. ಇದ ತಾಟಿನ್ಯಾಗ ಇಳಿಸಿದ್ದೆ. ಈಗ ತಗೊಂಡೆ.”

ಅಣ್ಣ ಹೆಂಡತಿಯನ್ನು, ಬಸ್ಸಿನಲ್ಲಿ ಪಕ್ಕ ಕುಳಿತವರನ್ನು ಇಳಿಯುವಾಗ ಮೊದಲ ಸಲ ನೋಡುವ ಹಾಗೆ ನೋಡಿದ. ಆಮೇಲೆ, “ಮತ್ತ ಈಕಿ?” ಎಂದ.

“ಈಕಿ ತನ್ನ ಹೆಸರ ಹೊರಗ ಬಿಟ್ಟು ಬಂದಿಲ್ಲಲ್ರಿ. ನಿಮ್ಮ ಮಗಾ ಹೊಸ್ತಿಲದಾಗ ಹೇಳಿದ, ಎಲ್ಲಾರೂ ಕೇಳೇವಿ. ಸಾಕು.”

“ಗುರವ್ವ ಅನ್ನೂ ಹೆಸರು?”

“ಅದು ಅತ್ತಿಯಾರದು. ಅವರಿಗೇ ಇರ್ಲಿ ಬಿಡ್ರಿ.”

ರಂಜನಾಳ ಮೊಣಕಾಲು ನೆಲಕ್ಕೆ ತಾಗಿತು. ಅವಳು ತಾಟಿನತ್ತ ಕೈ ಚಾಚಿ, ಅಕ್ಕಿ ಜಾರಿ ಮುಚ್ಚಿಹೋಗಿದ್ದ ನೀಲಾದ ದೀರ್ಘವನ್ನು ಬೆರಳಿಂದ ಸರಿಮಾಡಿದಳು. ಆಗ ಬಾಯವ್ವ ಅತ್ತ ಕಡೆಯಿಂದ, ಹಾಗೇ ನೆನಪಾದವಳಂತೆ ಕೇಳಿದಳು: “ಅಲ್ಲೋ ಲಗಮಪ್ಪಾ, ಅವ್ವಂದೂ ತವರಿನ ಹೆಸರು ಬ್ಯಾರೆ ಇದ್ದಿರಬೇಕಲ್ಲ. ಏನಿತ್ತು?”

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅವ್ವ ರಾಮದುರ್ಗದ ಕಡೆಯವಳು ಎಂಬುದು ಗೊತ್ತು. ಅವಳಿಗೆ ಮೆಣಸಿನಕಾಯಿ ಚಟ್ನಿ ಸೇರುತ್ತಿತ್ತೆಂಬುದು ಗೊತ್ತು. ಮಲಪ್ರಭೆಗೆ ನೀರು ಬಂದರೆ ನೋಡಬೇಕೆಂದು ಹಟ ಹಿಡಿಯುತ್ತಿದ್ದಳೆಂಬುದೂ ಗೊತ್ತು. ಹೆಸರು ಗೊತ್ತಿಲ್ಲ. ಕೇಳಬಹುದಾದವರು ಯಾರೂ ಉಳಿದಿಲ್ಲ. ವೈನಿಯನ್ನು ಕೇಳಿದರೆ, “ನಾ ಬರೂದ್ರಾಗ ಅವರು ಗುರವ್ವ ಆಗಿ ಬಿಟ್ಟಿದ್ರು” ಎಂದರು.

ಈ ಪತ್ರದ ಕಾರಣ ಇದೇ. ಮದುವೆಯ ಕಾರ್ಡಿನಲ್ಲಿ ಕೆಂಪು ಪೆನ್ನಿಗೆ ಸಿಕ್ಕು ಬಿದ್ದ ತಮ್ಮ ಬಂಧುಗಳು, ಊಟದ್ದು, ಬಸ್‌ಸ್ಟ್ಯಾಂಡಿನದು, ಸೋದರಮಾವಂದಿರದು, ಹಜರತಸಾಬನ ಪ್ರೆಸ್ಸಿನ ನೆಲದ ಮೇಲೆ ಎಲ್ಲಾದರೂ ಬಿದ್ದಿರಬಹುದು. ಅವುಗಳಲ್ಲಿ ಒಂದನ್ನು ನಮ್ಮವ್ವನ ತವರಿನ ಹೆಸರಿನ ಮುಂದೆ ಕಾಯಂ ಆಗಿ ನಿಲ್ಲಿಸಿಕೊಡಬೇಕೆಂದು ವಿನಂತಿ. ಅವಳು ಒಬ್ಬಳೇ ಇದ್ದಳು, ಆದ್ದರಿಂದ ತಮ್ಮ ನಿಯಮದಂತೆಯೂ ಅರ್ಹಳು. ಯಾವ ಅಕ್ಷರ ಎಂಬುದನ್ನು ಮಾತ್ರ ನಾವು ತಿಳಿಸಲಾರೆವು. ತಾವು ಹೆಸರುಗಳ ಮುಂದೆಯೇ ನಿಲ್ಲುವವರಾದ್ದರಿಂದ ಎಲ್ಲಿಯಾದರೂ ಅವಳನ್ನು ಕಂಡಿದ್ದರೆ, ಯಾವ ಅಕ್ಷರದ ಹಿಂದೆ ನಿಂತಿದ್ದಾಳೆಂದು ಒಂದು ಮಾತು ಬರೆಯಿರಿ. ಸಣ್ಣಕ್ಷರದಲ್ಲಿ ಬರೆದರೂ ಓದಿಕೊಳ್ಳುತ್ತೇವೆ.

ತಮ್ಮ ಎತ್ತರಕ್ಕೆ ತಲೆಬಾಗಿ, ತಮ್ಮ ಉತ್ತರಕ್ಕೆ ಕಾದು,

ತಮ್ಮ ವಿಶ್ವಾಸಿ,
ಸಂಗಪ್ಪ
ಬೈಲಹೊಂಗಲ

ತಾಜಾ ಕಲಂ: ನನ್ನ ಅಣ್ಣ ಈಗ ತೊಂದರೆಯಲ್ಲಿದ್ದಾನೆ. ಗುರವ್ವ ಎಂದರೆ ಒಳಗಿನಿಂದ ಉತ್ತರವಿಲ್ಲ, ಚಹಾವೂ ಇಲ್ಲ. ನೀಲಾ ಎನ್ನಲು ಈ ವಯಸ್ಸಿನಲ್ಲಿ ನಾಚಿಕೆ. ಆದ್ದರಿಂದ ಅಂಗಳದಲ್ಲಿ ನಿಂತು ಕೆಮ್ಮುತ್ತಾನೆ. ಮನೆಯಲ್ಲಿ ಇಷ್ಟು ಜನರಿದ್ದರೂ ಆ ಕೆಮ್ಮು ಒಬ್ಬರಿಗೆ ಮಾತ್ರ ಸಲ್ಲುವಂಥದು. ವೈನಿ ಎದ್ದು ಬರುತ್ತಾರೆ. ತಮ್ಮ ಶಾಸ್ತ್ರದ ಪ್ರಕಾರ ಇಂಥ ಕೆಮ್ಮಿಗೆ ತಾವು ಎದ್ದು ನಿಲ್ಲಬೇಕಾಗುತ್ತದೆ. ದಯವಿಟ್ಟು ಬೆಳಗಿನ ಚಹಾದ ಹೊತ್ತಿಗೆ ಹಾಜರಿರಬೇಕು.